ಎಕ್ಸ್ ಎಂದರೆ ಚಕ್ಕೋತವಲ್ಲ, ಅದರ ಬೆಲೆ

ಕುಂದಾಣ ಹೋಬಳಿ ಇರುವುದು ದೇವನಹಳ್ಳಿ ತಾಲ್ಲೂಕಿನಲ್ಲಿ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಚಕ್ಕೋತದ ಸೀಮೆ ಇದು. ಇಲ್ಲಿನ ಮಕ್ಕಳಿಗೆ ಹಣ್ಣಿನ ಚೌಕಾಸಿ, ಚಿಲ್ಲರೆ ಲೆಕ್ಕ ಹೊಸದಲ್ಲ. ಆದರೆ ತರಗತಿಯಲ್ಲಿ ಚರಾಕ್ಷರ, ಸ್ಥಿರಾಂಕ, ಸಹಗುಣಕ, ಬೀಜೋಕ್ತಿ ಎಂಬ ಪದಗಳು ಒಟ್ಟಿಗೇ ಎದುರಾದಾಗ ಲೆಕ್ಕದಲ್ಲಿ ಚುರುಕಾದ ಮಗುವೂ ತಡವರಿಸುತ್ತದೆ. ಚಕ್ಕೋತವನ್ನೇ ಹಿಡಿದು ಹೊರಟರೆ ದಾರಿ ಸಲೀಸು.

ಒಂದು ಹಣ್ಣಿನ ಬೆಲೆ ಎಕ್ಸ್ ರೂಪಾಯಿ ಎನ್ನೋಣ. ಮೂರು ಹಣ್ಣು ಕೊಂಡು ಚೀಲಕ್ಕೆ 5 ರೂಪಾಯಿ ಕೊಟ್ಟರೆ ಆದ ಖರ್ಚು 3ಎಕ್ಸ್ + 5. ಈ ಇಡೀ ಬರಹವೇ ಬೀಜೋಕ್ತಿ. ಕೂಡುವ ಚಿಹ್ನೆಯ ಆಚೀಚೆ ಇರುವ 3ಎಕ್ಸ್ ಮತ್ತು 5 ಅದರ ಪದಗಳು. ಬೆಲೆ ಇವತ್ತೊಂದು, ನಾಳೆಯೊಂದು. ಆದ್ದರಿಂದ ಎಕ್ಸ್ ಚರಾಕ್ಷರ. ಚೀಲದ 5 ಬದಲಾಗದ್ದು, ಸ್ಥಿರಾಂಕ. ಎಕ್ಸ್ ಅನ್ನು ಗುಣಿಸುತ್ತಿರುವ 3 ಸಹಗುಣಕ. ಒಟ್ಟು 155 ರೂಪಾಯಿ ಆಯಿತೆಂದು ತಿಳಿದೊಡನೆ 3ಎಕ್ಸ್ + 5 = 155 ಎಂಬ ಸಮೀಕರಣ ಸಿದ್ಧ. ಎರಡೂ ಕಡೆ 5 ಕಳೆದರೆ 3ಎಕ್ಸ್ = 150; ಮೂರರಿಂದ ಭಾಗಿಸಿದರೆ ಹಣ್ಣಿಗೆ 50 ರೂಪಾಯಿ.

ಮಕ್ಕಳು ಎಡವುವ ಜಾಗವೂ ಇದೇ. ಎಕ್ಸ್ ಎಂದರೆ ಹಣ್ಣು ಎಂದುಕೊಂಡ ಮಗು 3ಎಕ್ಸ್ + 5 ಅನ್ನು 8ಎಕ್ಸ್ ಎಂದು ಬರೆದುಬಿಡುತ್ತದೆ. ಎಕ್ಸ್ ನಿಂತಿರುವುದು ಹಣ್ಣಿಗಲ್ಲ, ಒಂದು ಸಂಖ್ಯೆಗೆ. ಆ ಜಾಗದಲ್ಲಿ 50 ಇಟ್ಟು ನೋಡಲಿ: ಮೊದಲನೆಯದು 155, ಎರಡನೆಯದು 400. 3ಎಕ್ಸ್, 5ಎಕ್ಸ್ ಥರದ ಸಜಾತಿ ಪದಗಳನ್ನು ಮಾತ್ರ ಒಂದಾಗಿ ಕೂಡಬಹುದು, 3ಎಕ್ಸ್ ಮತ್ತು 5ರಂಥ ವಿಜಾತಿ ಪದಗಳನ್ನಲ್ಲ ಎಂಬ ನಿಯಮ ಆಗ ಬಾಯಿಪಾಠದ ಹಂಗಿಲ್ಲದೆ ಮನಸ್ಸಿಗೆ ಇಳಿಯುತ್ತದೆ.

ಸಂಖ್ಯೆಗಳ ಹೆಸರಿನಲ್ಲೂ ಗೊಂದಲವಿದೆ. 1, 2, 3 ಎಂದು ಎಣಿಸುವವು ಸ್ವಾಭಾವಿಕ ಸಂಖ್ಯೆಗಳು. ಸೊನ್ನೆ ಸೇರಿದರೆ ಪೂರ್ಣ ಸಂಖ್ಯೆಗಳು. -1, -2, -3ರಂಥವೂ ಸೇರಿದರೆ ಪೂರ್ಣಾಂಕಗಳು. 12ನ್ನು ನಿಶ್ಶೇಷವಾಗಿ ಭಾಗಿಸುವ 1, 2, 3, 4, 6, 12 ಅದರ ಅಪವರ್ತನಗಳು. 12, 24, 36 ಎಂದು ಕೊನೆಯಿಲ್ಲದೆ ಸಾಗುವವು ಅಪವರ್ತ್ಯಗಳು. ಮ.ಸಾ.ಅ. ಮತ್ತು ಲ.ಸಾ.ಅ. ಎರಡರ ಕೊನೆಗೂ 'ಅ' ಇದೆ. ಆದರೆ ಮೊದಲನೆಯದು ಮಹತ್ತಮ ಸಾಮಾನ್ಯ ಅಪವರ್ತನ, ಎರಡನೆಯದು ಲಘುತ್ತಮ ಸಾಮಾನ್ಯ ಅಪವರ್ತ್ಯ. 12 ಮತ್ತು 18ಕ್ಕೆ ಮ.ಸಾ.ಅ. 6, ಲ.ಸಾ.ಅ. 36.

ಈ ಮಾತುಗಳ ಹಿಂದೆ ದೊಡ್ಡ ಪರಂಪರೆಯೇ ಇದೆ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಆಸ್ತಿಯನ್ನು ಧನವೆಂದೂ ಸಾಲವನ್ನು ಋಣವೆಂದೂ ಕರೆದು ಅವುಗಳ ಕೂಡು-ಕಳೆಗೆ ನಿಯಮ ಬರೆದ. ನೃಪತುಂಗನ ಕಾಲದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ರಚಿಸಿದ. 12ನೇ ಶತಮಾನದ ಭಾಸ್ಕರಾಚಾರ್ಯ ತಿಳಿಯದ ಸಂಖ್ಯೆಗಳನ್ನು ಕಾಲಕ, ನೀಲಕ ಎಂದು ಬಣ್ಣಗಳ ಹೆಸರಿನಿಂದ ಗುರುತಿಸಿದ. ಅದೇ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ.

ಮುಂದೆ ಇಂಗ್ಲಿಷಿನಲ್ಲಿ ಓದುವ ಮಕ್ಕಳಿಗೆ ಚರಾಕ್ಷರದ ಪಕ್ಕದಲ್ಲೇ ವೇರಿಯಬಲ್, ಸಹಗುಣಕದ ಪಕ್ಕದಲ್ಲೇ ಕೋಎಫಿಷಿಯೆಂಟ್ ಎಂದು ಬರೆಸಿದರೆ ಎರಡೂ ಕೈಗೆ ಬರುತ್ತವೆ. ಶಿಕ್ಷಕರೂ ಪೋಷಕರೂ ವ್ಯಾಖ್ಯೆ ಒಪ್ಪಿಸುವಂತೆ ಕೇಳುವ ಮೊದಲು, ಡೇರಿಗೆ ಹಾಕಿದ ಹಾಲಿನ ಲೆಕ್ಕವನ್ನೋ ಅಂಗಡಿಯ ಚೀಟಿಯನ್ನೋ ಕೊಟ್ಟು ಮಗುವಿನಿಂದಲೇ ಒಂದು ಬೀಜೋಕ್ತಿ ಬರೆಸಲಿ.