ಅಪಘಾತ ವಾಹನದ ದುರಸ್ತಿ ಪರಿಹಾರ: ಸರ್ವೇಯರ್ ವರದಿಯೇ ಕೊನೆಯ ಮಾತಲ್ಲ

ಹೊಸದುರ್ಗ ತಾಲ್ಲೂಕಿನ ಬಾಗೂರಿನಂತಹ ಊರುಗಳಲ್ಲಿ ತೆಂಗು, ಕೊಬ್ಬರಿ ವ್ಯಾಪಾರ ಮಾಡುವವರಿಗೆ ಸ್ವಂತ ಸರಕು ವಾಹನವೆಂಬುದು ಅಂಗಡಿಯಷ್ಟೇ ಮುಖ್ಯ. ತಿಪಟೂರಿನ ಮಾರುಕಟ್ಟೆಗೆ ಹೊರಟ ಮಿನಿ ಲಾರಿ ದಾರಿಯಲ್ಲಿ ಅಪಘಾತಕ್ಕೀಡಾಗಿ ಗ್ಯಾರೇಜು ಸೇರಿದರೆ ವ್ಯಾಪಾರವೇ ನಿಂತಂತೆ. ಗ್ಯಾರೇಜಿನ ಬಿಲ್ಲು 1,60,000 ರೂ. ಆಗಿ, ವಿಮಾ ಕಂಪನಿ ಕೇವಲ 70,000 ರೂ. ಮಂಜೂರು ಮಾಡಿತೆಂದು ಭಾವಿಸೋಣ. ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ವರ್ತಕರು ಎರಡರಲ್ಲೊಂದು ದಾರಿ ಹಿಡಿಯುತ್ತಾರೆ: ಬಂದಷ್ಟು ಬರಲೆಂದು ಸಹಿ ಹಾಕುವುದು, ಇಲ್ಲವೆ ಪೂರ್ತಿ ಬಿಲ್ಲು ಕೊಡಲೇಬೇಕೆಂದು ಪಟ್ಟು ಹಿಡಿಯುವುದು. ಎರಡೂ ನಷ್ಟದ ದಾರಿಗಳೇ.

ಪೂರ್ತಿ ಬಿಲ್ಲು ಏಕೆ ಬರುವುದಿಲ್ಲವೆಂಬುದನ್ನು ಮೊದಲು ತಿಳಿಯಬೇಕು. ಸಾಮಾನ್ಯ ಪ್ಯಾಕೇಜ್ ಪಾಲಿಸಿಯಲ್ಲಿ ಬದಲಾಯಿಸಿದ ಬಿಡಿಭಾಗಗಳಿಗೆ ಸವಕಳಿ ಕಳೆಯಲಾಗುತ್ತದೆ. 2002ರ ಭಾರತೀಯ ಮೋಟಾರು ಸುಂಕಪಟ್ಟಿಯಿಂದ ಬಂದ ಈ ದರಗಳು ಇಂದಿಗೂ ಪಾಲಿಸಿಗಳಲ್ಲಿ ಅಚ್ಚಾಗಿವೆ. ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳು, ಟೈರು ಮತ್ತು ಬ್ಯಾಟರಿಗೆ ಶೇ. 50; ಫೈಬರ್ ಗ್ಲಾಸ್‌ಗೆ ಶೇ. 30, ಗಾಜಿಗೆ ಸವಕಳಿ ಇಲ್ಲ. ಲೋಹದ ಭಾಗಗಳಿಗೆ ವಾಹನದ ವಯಸ್ಸಿನಂತೆ ಕಡಿತ: ಆರು ತಿಂಗಳೊಳಗೆ ಇಲ್ಲ, ನಾಲ್ಕರಿಂದ ಐದು ವರ್ಷಕ್ಕೆ ಶೇ. 35, ಐದರಿಂದ ಹತ್ತು ವರ್ಷಕ್ಕೆ ಶೇ. 40, ಅದಕ್ಕೂ ಮೇಲ್ಪಟ್ಟರೆ ಶೇ. 50. ಮೇಲಿನ ಬಿಲ್ಲಿನಲ್ಲಿ ನಾಲ್ಕೂವರೆ ವರ್ಷದ ವಾಹನದ ಲೋಹದ ಭಾಗ 1,00,000, ಪ್ಲಾಸ್ಟಿಕ್ ಮತ್ತು ರಬ್ಬರ್ 20,000, ಗಾಜು 10,000, ಕೂಲಿ 30,000 ರೂ. ಇದ್ದರೆ, ಸಲ್ಲತಕ್ಕದ್ದು ಅನುಕ್ರಮವಾಗಿ 65,000, 10,000, 10,000 ಮತ್ತು 30,000 ರೂ.; ಒಟ್ಟು 1,15,000. ಇದರಲ್ಲಿ ಪಾಲಿಸಿಯ ಕಡ್ಡಾಯ ಕಡಿತದ ಮೊತ್ತವನ್ನೂ ಕಳೆಯಬೇಕು. ಸವಕಳಿಯಾಗಿ ಹೋದ 45,000 ರೂ.ಗಾಗಿ ಯಾವ ವೇದಿಕೆಯ ಮುಂದೆ ಹೋದರೂ ಫಲವಿಲ್ಲ. ಕಂಪನಿ ಹೇಳಿದ 70,000ಕ್ಕೂ 1,15,000ಕ್ಕೂ ನಡುವಿನ ಅಂತರವೇ ನಿಜವಾದ ವ್ಯಾಜ್ಯ.

ವಾಣಿಜ್ಯ ವಾಹನಗಳ ಮಾಲೀಕರು ಮತ್ತೊಂದು ಅಂಶವನ್ನೂ ಗಮನಿಸತಕ್ಕದ್ದು. ದೀಪ, ಟೈರು, ಮಡ್‌ಗಾರ್ಡ್, ಬಂಪರ್, ಬಣ್ಣ ಮೊದಲಾದವು 'ಐಎಂಟಿ 23' ಎಂಬ ಹೆಚ್ಚುವರಿ ಒಡಂಬಡಿಕೆ ಇಲ್ಲದಿದ್ದರೆ ಭಾಗಶಃ ಹಾನಿಯಲ್ಲಿ ಸೇರುವುದಿಲ್ಲ. ಏಜೆಂಟರು ಪ್ರೀಮಿಯಂ ತಗ್ಗಿಸಿ ತೋರಿಸಲು ಬಿಟ್ಟುಬಿಡುವುದು ಇದನ್ನೇ.

ಅಂತರ ಹುಟ್ಟುವುದು ಸರ್ವೇಯರ್ ವರದಿಯಲ್ಲಿ. ಬದಲಾಯಿಸಬೇಕಾದ ಭಾಗಕ್ಕೆ 'ರಿಪೇರಿ ಸಾಕು' ಎಂದು ಬರೆಯುವುದು, ಕೂಲಿಯನ್ನು ಇಳಿಸುವುದು, ಗುಜರಿ ಮೌಲ್ಯವನ್ನು ಏರಿಸುವುದು, ಕೆಲವು ಹಾನಿ ಈ ಅಪಘಾತದ್ದಲ್ಲವೆನ್ನುವುದು, ಇವು ಪದೇ ಪದೇ ಕಾಣುವ ಕಾರಣಗಳು. ಆದುದರಿಂದ ವರದಿಯ ಪ್ರತಿಯನ್ನು ಲಿಖಿತವಾಗಿ ಕೇಳಿ ಪಡೆದು, ಐಟಂವಾರು ಆಕ್ಷೇಪಣೆ ಸಲ್ಲಿಸಬೇಕು. 'ಮೊತ್ತ ಕಡಿಮೆಯಾಯಿತು' ಎಂಬ ಒಂದು ಸಾಲಿನ ಪತ್ರಕ್ಕೆ ಬೆಲೆಯಿಲ್ಲ. 'ಕ್ರಮಸಂಖ್ಯೆ 7ರ ಭಾಗ ಬಿರುಕು ಬಿಟ್ಟಿದೆ, ಬಿಚ್ಚಿದಾಗಿನ ಛಾಯಾಚಿತ್ರ ಮತ್ತು ಮೆಕ್ಯಾನಿಕ್‌ನ ಪ್ರಮಾಣಪತ್ರ ಲಗತ್ತಿಸಿದೆ' ಎಂಬ ಪತ್ರಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಸರ್ವೇಯರ್ ನೋಡುವ ಮೊದಲೇ ವಾಹನ ಬಿಚ್ಚಿಸುವುದು, ಹಳೆಯ ಭಾಗಗಳನ್ನು ಗುಜರಿಗೆ ಹಾಕುವುದು ಸಾಕ್ಷ್ಯವನ್ನು ಕೈಯಾರೆ ಕಳೆದುಕೊಂಡಂತೆ.

ನಿಗದಿತ ಮೊತ್ತ ಮೀರಿದ ಹಾನಿಯನ್ನು ಪರವಾನಗಿ ಪಡೆದ ಸರ್ವೇಯರ್ ನಿರ್ಧರಿಸಬೇಕೆಂದು 1938ರ ವಿಮಾ ಅಧಿನಿಯಮದ 64ಯುಎಂ ಕಲಂ ಹೇಳುತ್ತದೆ ನಿಜ. ಆದರೆ ಸರ್ವೇಯರ್ ಹೇಳಿದ್ದಕ್ಕಿಂತ ಬೇರೆ ಮೊತ್ತ ನೀಡುವ ಸ್ವಾತಂತ್ರ್ಯವನ್ನೂ ಅದೇ ಕಲಂ ಕಂಪನಿಗೆ ಕೊಟ್ಟಿದೆ. 'ನಮ್ಮ ಕೈ ಕಟ್ಟಿದೆ' ಎಂಬ ಕಚೇರಿಯ ಮಾತು ಹಾಗಾಗಿ ನಿಲ್ಲುವುದಿಲ್ಲ. 2009ರಲ್ಲಿ ನ್ಯೂ ಇಂಡಿಯಾ ಅಶೂರೆನ್ಸ್ ವಿರುದ್ಧ ಪ್ರದೀಪ್ ಕುಮಾರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸರ್ವೇಯರ್ ವರದಿ ಕೊನೆಯ ಮಾತಲ್ಲ, ಅದರಿಂದ ಸರಿಯಲಾಗದಷ್ಟು ಪವಿತ್ರವೂ ಅಲ್ಲ ಎಂದು ಸ್ಪಷ್ಟಪಡಿಸಿದೆ.

ಕೆಲವೊಮ್ಮೆ ಕಂಪನಿಗಳು ಷರತ್ತು ಉಲ್ಲಂಘನೆಯ ಕಾರಣ ಒಡ್ಡಿ ಕ್ಲೇಮನ್ನೇ ತಿರಸ್ಕರಿಸುತ್ತವೆ. ಈ ವಿಷಯದಲ್ಲಿ ದಾರಿ ತೋರಿದ ತೀರ್ಪು ಕರ್ನಾಟಕದ್ದೇ. ಬಿ.ವಿ. ನಾಗರಾಜು ವಿರುದ್ಧ ಓರಿಯಂಟಲ್ ಇನ್ಶೂರೆನ್ಸ್, ಹಾಸನ ವಿಭಾಗೀಯ ಕಚೇರಿ ಮೊಕದ್ದಮೆಯಲ್ಲಿ, ಸರಕು ವಾಹನದಲ್ಲಿ ಅನುಮತಿಗಿಂತ ಹೆಚ್ಚು ಜನರಿದ್ದರೆಂದು ಕಂಪನಿ ದುರಸ್ತಿ ಪರಿಹಾರ ನಿರಾಕರಿಸಿತ್ತು. ಮಾಲೀಕನ ಅರಿವಿಲ್ಲದೆ ಚಾಲಕನೋ ಕ್ಲೀನರೋ ಇಬ್ಬರು ಮೂವರನ್ನು ಹತ್ತಿಸಿಕೊಂಡದ್ದು, ಅದೂ ಅಪಘಾತಕ್ಕೆ ಕಾರಣವಾಗದಿರುವಾಗ, ಪರಿಹಾರವನ್ನೇ ನಿರಾಕರಿಸುವಷ್ಟು ಮೂಲಭೂತ ಉಲ್ಲಂಘನೆಯಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತೀರ್ಪಿತ್ತಿತು. ಮುಂದೆ 2010ರ ಅಮಲೇಂದು ಸಾಹೂ ಮೊಕದ್ದಮೆಯಲ್ಲಿ, ಬಳಕೆಯ ಷರತ್ತು ಮೀರಿದ್ದರೂ ಪೂರ್ಣ ತಿರಸ್ಕಾರ ಸಲ್ಲದೆಂದೂ, ಕ್ಲೇಮನ್ನು ಭಾಗಶಃ ಇತ್ಯರ್ಥಗೊಳಿಸಬೇಕೆಂದೂ ಹೇಳಲಾಯಿತು. ಲಘು ವಾಹನದ ಪರವಾನಗಿ ಇರುವ ಚಾಲಕ 7,500 ಕೆ.ಜಿ. ಒಟ್ಟು ತೂಕದೊಳಗಿನ ಸಾರಿಗೆ ವಾಹನ ಓಡಿಸಬಹುದೆಂದು 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠವೂ ಎತ್ತಿಹಿಡಿದಿದೆ. ಪರವಾನಗಿಯೇ ಇಲ್ಲದವನ ಕೈಗೆ ಅಥವಾ ಕುಡಿದವನ ಕೈಗೆ ವಾಹನ ಕೊಟ್ಟವರು ಮಾತ್ರ ಈ ತೀರ್ಪುಗಳ ಆಸರೆ ನಿರೀಕ್ಷಿಸಬಾರದು.

'ಪೂರ್ಣ ಮತ್ತು ಅಂತಿಮ' ಎಂದು ಅಚ್ಚಾದ ವೋಚರಿಗೆ ಸಹಿ ಹಾಕುವ ಮುನ್ನ ಎಚ್ಚರ ಅಗತ್ಯ. ವಂಚನೆ, ಒತ್ತಡ ಅಥವಾ ತಪ್ಪು ನಿರೂಪಣೆಯಿಂದ ಸಹಿ ಪಡೆದಿದ್ದರೆ ದೂರಿನ ಹಕ್ಕು ಉಳಿಯುತ್ತದೆಂದು ಅಜ್ಮೇರ್ ಸಿಂಗ್ ಕಾಟನ್ ಮಿಲ್ಸ್ ಮೊಕದ್ದಮೆಯಲ್ಲಿ 1999ರಲ್ಲೇ ತೀರ್ಮಾನವಾಗಿದೆ. ಆದರೆ ಒತ್ತಡವನ್ನು ಸಾಬೀತುಪಡಿಸುವ ಹೊರೆ ವರ್ತಕನದು. ಸಹಿ ಹಾಕಿದ ದಿನವೇ 'ಆಕ್ಷೇಪಣೆಯೊಡನೆ ಸ್ವೀಕರಿಸಲಾಗಿದೆ' ಎಂದು ಪ್ರತ್ಯೇಕ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುವುದು ಲೇಸು.

ಕಂಪನಿಗೆ ಬರೆದ ದೂರು ತಿರಸ್ಕೃತವಾದರೆ ಅಥವಾ ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ದೂರು ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಏಕಮಾಲೀಕತ್ವದ ಸಂಸ್ಥೆಗಳಿಗೂ ಸೂಕ್ಷ್ಮ ಉದ್ದಿಮೆಗಳಿಗೂ ಈ ಬಾಗಿಲು ತೆರೆದಿದೆ. ಇನ್ನೊಂದು ದಾರಿ ಚಿತ್ರದುರ್ಗದ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯಿದೆಯಂತೆ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಕಾಲಮಿತಿ ಎರಡು ವರ್ಷ. ಕೊಟ್ಟ ಪ್ರೀಮಿಯಂ ಐದು ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. 'ವ್ಯಾಪಾರಿಗಳು ಗ್ರಾಹಕರಲ್ಲ' ಎಂಬ ಕಂಪನಿಗಳ ಹಳೆಯ ವಾದವನ್ನು ಹರ್ಸೋಲಿಯಾ ಮೋಟರ್ಸ್ ಮೊಕದ್ದಮೆಯಲ್ಲಿ 2023ರಲ್ಲಿ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿದೆ: ವಿಮೆ ಇರುವುದು ನಷ್ಟ ತುಂಬಿಕೊಳ್ಳಲು, ಲಾಭ ಗಳಿಸಲು ಅಲ್ಲ. ಒಂದೇ ವಿವಾದವನ್ನು ಏಕಕಾಲಕ್ಕೆ ಎರಡೂ ಕಡೆ ಒಯ್ಯುವಂತಿಲ್ಲ.

ಲೆಕ್ಕಪತ್ರದ ಒಂದು ಮಾತು ಬಾಕಿಯಿದೆ. ಜಿಎಸ್‌ಟಿ ನೋಂದಣಿಯುಳ್ಳ ವರ್ತಕರು ತೆರಿಗೆಗೊಳಪಟ್ಟ ವ್ಯಾಪಾರಕ್ಕೆ ಬಳಸುವ ಸರಕು ವಾಹನದ ದುರಸ್ತಿಯ ಮೇಲಿನ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ಪಡೆಯಲು ಅರ್ಹರು. ಜಮೆ ಪಡೆದ ಮೇಲೆ ಅದೇ ತೆರಿಗೆಯನ್ನು ಕಂಪನಿಯಿಂದಲೂ ಕೇಳಿದರೆ ಅದು ಎರಡು ಬಾರಿ ಪಡೆದಂತಾಗುತ್ತದೆ. ಆಯೋಗದ ಮುಂದೆ ಇಡೀ ಕ್ಲೇಮಿನ ಮೇಲೆ ಅನುಮಾನ ಹುಟ್ಟಲು ಅಷ್ಟು ಸಾಕು. ಕಾಂಪೊಸಿಷನ್ ಪದ್ಧತಿಯಲ್ಲಿರುವವರು ಜಮೆ ಪಡೆದಿಲ್ಲವೆಂಬ ಘೋಷಣೆಯನ್ನು ಬಿಲ್ಲಿನೊಂದಿಗೇ ಲಗತ್ತಿಸಿ ತೆರಿಗೆ ಸಹಿತ ಮೊತ್ತವನ್ನು ಕೇಳಬೇಕು.