ನಿಮಗಿದು ಗೊತ್ತೇ? ಗೇಟಿಗೂ ಗೇಟಿಗೂ ನಡುವೆ ಒಂದು ಗಡಿ

◆ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ರೋಮ್‌ಗೆ ಹೋದವರ ಪಾಸ್‌ಪೋರ್ಟನ್ನು ರೋಮ್‌ನಲ್ಲಿ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ತಮ್ಮ ನಡುವಿನ ಗಡಿ ತಪಾಸಣೆ ಕೈಬಿಟ್ಟ ಯುರೋಪಿನ ಷೆಂಗೆನ್ ದೇಶಗಳಲ್ಲಿ ಮೊದಲು ಇಳಿದ ಕಡೆಯೇ ತಪಾಸಣೆ. ಇಟಲಿಗೆ ಬಿಡಬೇಕೋ ಬೇಡವೋ ಎಂದು ನೋಡುವವನು ಜರ್ಮನಿಯ ಅಧಿಕಾರಿ, ಅದೂ ನೀವು ಮುಂದಿನ ವಿಮಾನಕ್ಕೆ ಓಡುತ್ತಿರುವಾಗ! ಅದೇ ವಿಮಾನದಲ್ಲಿ ಬಂದು ಟೊರಾಂಟೊಗೆ ಹೋಗುವ ಪಕ್ಕದ ಸೀಟಿನವರಿಗೆ ಆ ಸರದಿ ಸಾಲೇ ಇಲ್ಲ.

◆ ಷೆಂಗೆನ್ ಲಕ್ಸೆಂಬರ್ಗಿನ ಒಂದು ಪುಟ್ಟ ಊರು. 1985ರ ಜೂನ್ 14ರಂದು ಐದು ದೇಶಗಳು ಗಡಿ ತಪಾಸಣೆ ಕೈಬಿಡುವ ಒಪ್ಪಂದಕ್ಕೆ ಸಹಿ ಹಾಕಿದ್ದು ಅಲ್ಲಿನ ಮೊಸೆಲ್ ನದಿಯಲ್ಲಿದ್ದ ಹಡಗಿನ ಮೇಲೆ.

◆ ಫ್ರಾಂಕ್‌ಫರ್ಟಿನ ಎ-ಪ್ಲಸ್ ಭಾಗದಲ್ಲಿ ಒಂದೇ ವಿಮಾನಕ್ಕೆ ಎರಡು ಗೇಟ್. ಕೆಳಗಿನ ಅಂತಸ್ತಿನದು ‘ಎ’, ಷೆಂಗೆನ್ ಒಳಗಿನವರಿಗೆ. ಮೇಲಿನದು ‘ಝಡ್’, ಹೊರಗಿನವರಿಗೆ. ನಡೆಯುವ ದೂರ ಏನೇನೂ ಅಲ್ಲ. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗಲು ಪಾಸ್‌ಪೋರ್ಟ್ ತೋರಿಸಲೇಬೇಕು.

◆ ಎರಡು ವಿಮಾನಗಳ ನಡುವೆ ಕನಿಷ್ಠ ಎಷ್ಟು ಹೊತ್ತು ಇರಬೇಕೆಂದು ಪ್ರತಿ ನಿಲ್ದಾಣಕ್ಕೂ ಲೆಕ್ಕವಿದೆ. ವಿಯೆನ್ನಾದಲ್ಲಿ 25 ನಿಮಿಷ, ಫ್ರಾಂಕ್‌ಫರ್ಟಿನಲ್ಲಿ 45. ಅಷ್ಟಿದ್ದರೆ ಟಿಕೆಟ್ ಮಾರುತ್ತಾರೆ. ಮಾರುತ್ತಾರೆಂದು ಕೊಳ್ಳಬೇಕಿಲ್ಲ, ಅದರಲ್ಲೂ ಅಪ್ಪ ಅಮ್ಮ ಮೊದಲ ಸಲ ಹೊರಟಿದ್ದರೆ.

◆ 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಯಲ್ಲಿ ಠಸ್ಸೆಯ ಬದಲು ಕಂಪ್ಯೂಟರ್ ದಾಖಲೆ ಶುರುವಾಯಿತು. ಮೊದಲ ಪ್ರವೇಶದಲ್ಲಿ ಮುಖದ ಫೋಟೊ ತೆಗೆಯುತ್ತಾರೆ. ಆ ಒಂದು ಸಲಕ್ಕೆ ಹೆಚ್ಚು ಸಮಯ ಇಟ್ಟುಕೊಳ್ಳಿ.

◆ ಅಮೆರಿಕದಲ್ಲಿ ‘ಬರೀ ವಿಮಾನ ಬದಲಿಸುತ್ತೇನೆ’ ಎಂಬ ಮಾತು ನಡೆಯುವುದಿಲ್ಲ. ನ್ಯೂಯಾರ್ಕ್ ಮೂಲಕ ಮೆಕ್ಸಿಕೊಗೆ ಹೋಗುವವರೂ ಇಮಿಗ್ರೇಷನ್ ಮುಗಿಸಬೇಕು, ಸಾಮಾನ್ಯವಾಗಿ ಲಗೇಜನ್ನೂ ಎತ್ತಿಕೊಂಡು ಮತ್ತೆ ಕೊಡಬೇಕು. ವೀಸಾ ಇಲ್ಲದೆ ಹಾದುಹೋಗಲು ಇದ್ದ ಅವಕಾಶವನ್ನು 2003ರ ಆಗಸ್ಟ್‌ನಲ್ಲಿ ನಿಲ್ಲಿಸಿದರು. ಆದರೆ ಅಬುಧಾಬಿ ಇಲ್ಲವೇ ಡಬ್ಲಿನ್ ಮೂಲಕ ಹೋದರೆ ಅಮೆರಿಕದ ಅಧಿಕಾರಿಗಳು ಅಲ್ಲೇ ಕೂತು ತಪಾಸಣೆ ಮುಗಿಸುತ್ತಾರೆ. ಮುಂದೆ ಅಮೆರಿಕದಲ್ಲಿ ಇಳಿದಾಗ ನೀವು ಒಳನಾಡಿನ ಪ್ರಯಾಣಿಕರಿದ್ದಂತೆ.

◆ ನೀವು ಇಮಿಗ್ರೇಷನ್ ಸಾಲಿನಲ್ಲೇ ಸಿಕ್ಕಿಬಿದ್ದರೆ ನಿಮ್ಮ ಸೂಟ್‌ಕೇಸ್ ಒಂದೇ ಮುಂದಕ್ಕೆ ಹೋಗುವಂತಿಲ್ಲ; ಹುಡುಕಿ ಕೆಳಗಿಳಿಸುತ್ತಾರೆ. ಈ ಬಿಗಿ ನಿಯಮದ ಹಿಂದೆ ಏರ್ ಇಂಡಿಯಾದ ‘ಕನಿಷ್ಕ’ ದುರಂತವಿದೆ. 1985ರ ಜೂನ್ 22ರಂದು ಕೆನಡಾದ ವ್ಯಾಂಕೂವರ್‌ನಲ್ಲಿ ಒಬ್ಬ, ತನ್ನ ಸೂಟ್‌ಕೇಸನ್ನು ಟೊರಾಂಟೊದಲ್ಲಿ ನೇರ ಏರ್ ಇಂಡಿಯಾಕ್ಕೆ ದಾಟಿಸಬೇಕೆಂದು ಕೌಂಟರಿನಲ್ಲಿ ಹಟ ಹಿಡಿದ. ಮುಂದಿನ ವಿಮಾನದಲ್ಲಿ ಅವನ ಸೀಟು ಖಚಿತವಾಗಿರಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು, ಸಿಬ್ಬಂದಿ ಒಪ್ಪಿದರು. ಸೂಟ್‌ಕೇಸ್ ಹೋಯಿತು, ಅವನು ವಿಮಾನ ಹತ್ತಲೇ ಇಲ್ಲ. ಮರುದಿನ ಐರ್ಲೆಂಡ್ ಸಮೀಪ ವಿಮಾನ ಸಮುದ್ರದ ಮೇಲೆ ಸ್ಫೋಟಿಸಿ 329 ಜನ ಸತ್ತರು.

◆ ಕೈಚೀಲದ ತುಪ್ಪಕ್ಕೂ ಗಂಡಾಂತರವಿದೆ. ಬೆಂಗಳೂರಿನಲ್ಲಿ ಪಾರಾದರೂ ವಿಮಾನ ಬದಲಿಸುವಲ್ಲಿ ಮತ್ತೆ ಭದ್ರತಾ ತಪಾಸಣೆ ಇದ್ದೀತು. ತುಪ್ಪ, ಉಪ್ಪಿನಕಾಯಿ ಎರಡನ್ನೂ ದ್ರವದ ಲೆಕ್ಕಕ್ಕೇ ಸೇರಿಸುತ್ತಾರೆ. ಚೆಕ್-ಇನ್ ಲಗೇಜಿಗೆ ಹಾಕಿ.

◆ ಜರ್ಮನಿಯ ಬ್ರೆಮೆನ್‌ನಿಂದ ಪ್ಯಾರಿಸ್, ಸಾವೊ ಪಾವ್ಲೊ ಮೂಲಕ ಪರಗ್ವೆಗೆ ಹೊರಟ ಒಬ್ಬರಿಗೆ ಮೊದಲ ವಿಮಾನ ಎರಡೂವರೆ ಗಂಟೆ ತಡವಾಯಿತು. ಮುಂದಿನವೆಲ್ಲ ತಪ್ಪಿ, ಕೊನೆಗೆ ತಲುಪಿದ್ದು 11 ಗಂಟೆ ತಡವಾಗಿ. ಹೊರಡುವಾಗ ಆದ ತಡ ಸಣ್ಣದಾದರೂ, ಕೊನೆಯ ಊರಿಗೆ ಮೂರು ಗಂಟೆ ಇಲ್ಲವೇ ಹೆಚ್ಚು ತಡವಾದರೆ ಪರಿಹಾರ ಕೊಡಬೇಕೆಂದು ಐರೋಪ್ಯ ನ್ಯಾಯಾಲಯ 2013ರಲ್ಲಿ ಹೇಳಿತು. ಆದರೆ ಅಗ್ಗವೆಂದು ಎರಡು ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಎರಡನೆಯ ಕಂಪನಿಗೆ ನೀವು ತಡವಾಗಿ ಬಂದ ಪ್ರಯಾಣಿಕರು, ಅಷ್ಟೇ.

◆ ಊರಿಗೆ ಬರುವಾಗಲೂ ಇದೇ ಕಥೆ. ದುಬೈಯಿಂದ ಮುಂಬೈ ಮೂಲಕ ಮಂಗಳೂರಿಗೆ ಬರುವವರಿಗೆ ಗಡಿ ಮುಂಬೈಯಲ್ಲೇ: ಇಮಿಗ್ರೇಷನ್, ಲಗೇಜ್, ಕಸ್ಟಮ್ಸ್ ಮುಗಿದ ಮೇಲೆ ಮುಂದಿನ ವಿಮಾನ. ಭಾರತೀಯರಿಗೂ ಒಸಿಐ ಕಾರ್ಡಿನವರಿಗೂ ಇ-ಗೇಟ್ ಮೂಲಕ ಬೇಗ ಹೋಗುವ ‘ಟ್ರಸ್ಟೆಡ್ ಟ್ರಾವೆಲರ್’ ಯೋಜನೆ 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಶುರುವಾಗಿ, 2025ರ ಜನವರಿಯಲ್ಲಿ ಮುಂಬೈ, ಬೆಂಗಳೂರಿಗೂ ಬಂತು. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಒಪ್ಪಿಗೆ ಬಂದ ಮೇಲೆ ಒಮ್ಮೆ ಬೆರಳಚ್ಚು, ಫೋಟೊ ಕೊಟ್ಟರಾಯಿತು. ಶುಲ್ಕವಿಲ್ಲ.