ಮಗನಿಗೆ ಕಂಪ್ಯೂಟರ್ ಕೆಲಸ ಸಿಕ್ಕಿತು, ಮುಂದೇನು?

ಸಿದ್ದಾಪುರ ತಾಲೂಕಿನ ತ್ಯಾಗಲಿಯಂತಹ ಅಡಿಕೆ ತೋಟದ ಊರುಗಳಿಂದಲೂ ಇಂದು ಮಕ್ಕಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳಿಗೆ ಹೋಗುತ್ತಾರೆ. 2020ರ ಲಾಕ್‌ಡೌನ್ ಸಮಯದಲ್ಲಿ ಇಂಥವರು ಲ್ಯಾಪ್‌ಟಾಪ್ ಹಿಡಿದು ಮಲೆನಾಡಿನ ಮನೆಗಳಿಗೆ ಮರಳಿ, ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಿದ್ದು ನಿಮಗೆ ನೆನಪಿರಬಹುದು. ಆದರೆ ಅವರು ಮಾಡುವ ಕೆಲಸವೇನೆಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ? ಸಂಬಳ ಎಷ್ಟು, ಈ ವರ್ಷ ಎಷ್ಟು ಹೆಚ್ಚಾಯಿತು, ಇಷ್ಟಕ್ಕೇ ನಮ್ಮ ಕುತೂಹಲ ಮುಗಿಯುತ್ತದೆ.

ಈ ವೃತ್ತಿಯಲ್ಲಿ ಕಲಿಕೆ ನಿಂತರೆ ಕೆಲಸಕ್ಕೇ ಕುತ್ತು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸಾಮಾನ್ಯ ಪ್ರೋಗ್ರಾಮನ್ನು ಯಂತ್ರವೇ ಬರೆದುಕೊಡುತ್ತಿದೆ. ಯಂತ್ರ ಬರೆದದ್ದು ಸರಿಯೋ ತಪ್ಪೋ ಎಂದು ಹೇಳಬಲ್ಲವನಿಗೆ ಬೆಲೆಯಿದೆ. ಅದನ್ನು ನಕಲು ಮಾಡಿ ಒಪ್ಪಿಸುವವನಿಗೆ ಎಷ್ಟು ದಿನ ಬೆಲೆಯಿದ್ದೀತು?

ಕೆ. ಪಿ. ರಾವ್ ಅವರ ಹೆಸರನ್ನು ನಿಮ್ಮ ಮಕ್ಕಳು ಕೇಳಿದ್ದಾರೋ ಇಲ್ಲವೋ. ಮಂಗಳೂರಿನ ಬಳಿಯ ಕಿನ್ನಿಕಂಬಳದವರು. ಕನ್ನಡದ ಅಷ್ಟೊಂದು ಅಕ್ಷರಗಳನ್ನು ಇಂಗ್ಲಿಷಿನ 26 ಕೀಲಿಗಳಲ್ಲೇ ಮೂಡಿಸುವ ವಿನ್ಯಾಸ ಅವರದು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಅದನ್ನೇ ಒತ್ತಿದರೆ ಖ, ಒತ್ತಕ್ಷರ ಬೇಕಾದರೆ ನಡುವೆ ಎಫ್. ಸರಕಾರದ 'ನುಡಿ' ತಂತ್ರಾಂಶಕ್ಕೂ ಆ ವಿನ್ಯಾಸವೇ ಆಧಾರವಾಯಿತು. ಕಂಪ್ಯೂಟರ್ ಒಂದನ್ನೇ ಕಲಿತವರಿಗೆ ಇದು ಹೊಳೆಯುವಂಥದ್ದಲ್ಲ. ವಿಜ್ಞಾನ ಓದಿದ್ದ ಅವರಿಗೆ ಮುದ್ರಣದ ಕೆಲಸವೂ ಗೊತ್ತಿತ್ತು, ಲಿಪಿಯ ಸ್ವಭಾವವೂ ಗೊತ್ತಿತ್ತು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಅದನ್ನು ಜನರಿಗೆ ಉಚಿತವಾಗಿಯೇ ಕೊಟ್ಟರು.

ಆದ್ದರಿಂದ ಪ್ರಿಯ ಯುವಕರೇ, ಬ್ಯಾಂಕಿಗೆ ಪ್ರೋಗ್ರಾಮ್ ಬರೆಯುವುದಾದರೆ ಬ್ಯಾಂಕಿನ ಲೆಕ್ಕವನ್ನೂ ಕಲಿಯಿರಿ. ಆಸ್ಪತ್ರೆಗೆ ಬರೆಯುವುದಾದರೆ ಅಲ್ಲಿನ ಚೀಟಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನಿಂತು ನೋಡಿರಿ. ಇತರರು ಬರೆದದ್ದನ್ನು ಓದಿರಿ. ಲಿನಕ್ಸ್‌ನ ಮೂಲ ಬರಹ 1991ರಿಂದಲೂ ಎಲ್ಲರಿಗೂ ತೆರೆದಿದೆ. ಒಂದು ದೋಷ ಸರಿಪಡಿಸಿದ ಮೇಲೆ ಅದು ಏಕೆ ಬಂತೆಂದು ಪುಸ್ತಕದಲ್ಲಿ ಬರೆದಿಡಿ. ಮದ್ರಸದಲ್ಲಿ ಹಳೆಯ ಪಾಠ ಒಪ್ಪಿಸದೆ ಹೊಸ ಸಬಕ್ ಸಿಗುವುದಿಲ್ಲ. ಇಂಜಿನಿಯರಿಗೂ ಈ ಶಿಸ್ತು ಬೇಕು, ಆದರೆ ಕಂಪೆನಿಯಲ್ಲಿ ಕೇಳಿಸಿಕೊಳ್ಳುವ ಉಸ್ತಾದರಿಲ್ಲ.

ತಂದೆತಾಯಂದಿರಿಗೂ ಒಂದು ಮಾತು. ನೌಕರಿ ಸಿಕ್ಕ ವರ್ಷವೇ ಮಗನ ಹೆಸರಿನಲ್ಲಿ ಮನೆ ಸಾಲ, ಕಾರಿನ ಸಾಲ ಮಾಡಿಸಬೇಡಿರಿ. ಕಂತಿನ ಭಯದಲ್ಲಿರುವವನು ಕಲಿಯಲು ಅವಕಾಶವಿರುವ ಚಿಕ್ಕ ಕಂಪೆನಿಗೆ ಹೋಗಲಾರ, ಮೇಲಧಿಕಾರಿ ಹೇಳಿದ ಅನ್ಯಾಯದ ಕೆಲಸಕ್ಕೂ ಇಲ್ಲವೆನ್ನಲಾರ. ಸೊಸೆ ಮಗುವಿಗಾಗಿ ಎರಡು ವರ್ಷ ಕೆಲಸ ಬಿಟ್ಟಿದ್ದರೆ, ದಿನಕ್ಕೊಂದು ಗಂಟೆ ಮಗುವನ್ನು ನೀವು ಎತ್ತಿಕೊಂಡು ಅವಳಿಗೆ ಓದಲು ಬಿಡಿ. ಎರಡು ವರ್ಷದಲ್ಲಿ ಈ ವಿದ್ಯೆ ಬಹಳ ಮುಂದೆ ಹೋಗಿರುತ್ತದೆ, ಮರಳಿ ಸೇರುವ ಬಾಗಿಲು ಕಿರಿದಾಗಿರುತ್ತದೆ. ಮುಂದಿನ ಸಲ ಮಗ ಫೋನ್ ಮಾಡಿದಾಗ ಸಂಬಳದ ಮಾತು ಬದಿಗಿರಲಿ. ಈ ತಿಂಗಳು ಹೊಸದೇನು ಕಲಿತೆ ಎಂದು ಕೇಳಿ, ನಿಮಗೆ ಅರ್ಥವಾಗುವ ಕನ್ನಡದಲ್ಲಿ ಹೇಳಿಸಿರಿ.